ಭಿತ್ತಿಪತ್ರದಲ್ಲಿಲ್ಲದ ಅಪಾಯಗಳು

2025ರ ಜೂನ್ ತಿಂಗಳಲ್ಲಿ ರಾಜ್ಯದ ಬಾಯಲ್ಲೆಲ್ಲ ಹಾಸನದ ಹೆಸರಿತ್ತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅದರಲ್ಲೂ ಪ್ರಾಯದವರು, ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ ಹಬ್ಬಿತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ರಚಿಸಿತು. ಜುಲೈನಲ್ಲಿ ವರದಿ ಬಂತು: ಸಾವುಗಳಲ್ಲಿ ಅಸಹಜ ಏರಿಕೆ ಕಂಡಿಲ್ಲ, ಸತ್ತವರಲ್ಲಿ ಬಹಳ ಮಂದಿಗೆ ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನದಂಥ ಹಳೆಯ ಕಾರಣಗಳೇ ಇದ್ದವು.

ಹಾಸನದ ಸಾವುಗಳು ಸುದ್ದಿಯಾದದ್ದು ಅವನ್ನು ಯಾರೋ ಕೂಡಿಸಿ ಎಣಿಸಿದ್ದರಿಂದ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಐವತ್ತರ ಆಸುಪಾಸಿನ ಮನುಷ್ಯ ಹೊಲದಿಂದ ಬಂದು, ‘ಎದ್ಯಾಗ ಹಿಡದಂಗ ಆಗ್ಯದ’ ಎಂದು ಕಟ್ಟೆಯ ಮೇಲೆ ಒರಗಿ, ದೀಪ ಹಚ್ಚುವ ಹೊತ್ತಿಗೆ ತೀರಿಕೊಂಡರೆ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ‘ಹಾರ್ಟ್ ಫೇಲ್ ಆಯ್ತಂತ’ ಎಂದು ಊರು ನಾಲ್ಕು ದಿನ ಮಾತಾಡುತ್ತದೆ. ಪಂಚಾಯಿತಿ ದಾಖಲೆಗೆ ಸಾವು ಬರುತ್ತದೆ, ಅದರ ಕಾರಣ ಬರುವುದಿಲ್ಲ. ಇಡೀ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ಕಾರಣವನ್ನು ವೈದ್ಯರು ದೃಢೀಕರಿಸಿದ್ದು ಶೇ 22.5ಕ್ಕೆ ಮಾತ್ರ. ಯಾದಗಿರಿ ಜಿಲ್ಲೆಯ ಹಳ್ಳಿಗಳ ಮಾತು ಬಿಡಿ.

ಹೀಗಿರುವುದರಿಂದಲೇ ಒಂದು ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ: ಹೃದ್ರೋಗ ಎಂಬುದು ಉಂಡು ಕೂತವರ ಬ್ಯಾನಿ. ‘ದುಡಿಯೋ ಮನಷ್ಯಾಗ ಎಲ್ಲೀ ಹಾರ್ಟ್ ಬ್ಯಾನಿ’ ಎಂಬ ಮಾತನ್ನು ಶಹಾಪುರದ ಸಂತೆಯಲ್ಲೂ ಕೇಳಬಹುದು, ಓದಿದವರ ಮನೆಯಲ್ಲೂ ಕೇಳಬಹುದು. ಸರ್ಕಾರಿ ಭಿತ್ತಿಪತ್ರಗಳೂ ಅದನ್ನೇ ಹೇಳುತ್ತವೆ. ಅವುಗಳಲ್ಲಿ ಕಾಣುವವನು ಹೊಟ್ಟೆ ಬಂದ, ಕುರ್ಚಿಯಲ್ಲಿ ಕೂತ, ಕೈಯಲ್ಲಿ ಸಿಗರೇಟು ಹಿಡಿದ ಪಟ್ಟಣದ ಗಂಡಸು. ಎದೆಗೂಡು ಕಾಣುವ ಹಾಗಿರುವ ಕೂಲಿಯವನಿಗೆ, ತಲೆ ಮೇಲೆ ಕಟ್ಟಿಗೆ ಹೊರೆ ಹೊತ್ತ ಹೆಂಗಸಿಗೆ ಆ ಚಿತ್ರದಲ್ಲಿ ತಮ್ಮ ಮುಖ ಕಾಣುವುದಿಲ್ಲ.

ಆ ಭಿತ್ತಿಪತ್ರದ ಅಪಾಯಗಳ ಪಟ್ಟಿ ಎಲ್ಲಿಂದ ಬಂತು ಎಂಬುದು ಗೊತ್ತಿರುವ ಸಂಗತಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ 5,209 ಜನರನ್ನು ಆರಿಸಿ, ವರ್ಷಗಟ್ಟಲೆ ಹಿಂಬಾಲಿಸಿ, ಯಾರಿಗೆ ಹೃದಯಾಘಾತವಾಗುತ್ತದೆ ಎಂದು ನೋಡಿದರು. ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನ ಎಂಬ ಪ್ರಸಿದ್ಧ ಪಟ್ಟಿ ಹುಟ್ಟಿದ್ದು ಅಲ್ಲಿ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಅದನ್ನು 52 ದೇಶಗಳಲ್ಲಿ ಪರೀಕ್ಷಿಸಿ, ಒಂಬತ್ತು ಅಂಶಗಳೇ ಮೊದಲ ಹೃದಯಾಘಾತದ ಅಪಾಯದ ಸುಮಾರು ಶೇ 90ರಷ್ಟನ್ನು ವಿವರಿಸುತ್ತವೆ ಎಂದಿತು. ಅದರ ಮುಖ್ಯಸ್ಥ ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಅದೇ ಮಾಹಿತಿಯಿಂದ 2007ರಲ್ಲಿ ಹೊರಬಂದ ಇನ್ನೊಂದು ಸಂಗತಿ ನಮಗೆ ಹತ್ತಿರದ್ದು: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53, ಉಳಿದ ದೇಶದವರಿಗೆ ಸುಮಾರು 59. ಆರು ವರ್ಷ ಮುಂಚೆ. ದುಡಿಯುವ ಮನೆಯಲ್ಲಿ ಆ ಆರು ವರ್ಷವೆಂದರೆ ಮಗಳ ಮದುವೆ, ಮಗನ ಓದು, ತೀರದ ಸಾಲ.

ಪಟ್ಟಿ ತಪ್ಪಲ್ಲ. ಆದರೆ ಅದು ಪೂರ್ತಿಯಲ್ಲ ಎಂದು ಗಟ್ಟಿಯಾಗಿ ಹೇಳಿದ್ದು 2014ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನ. ಅದೂ ಸಲೀಂ ಯೂಸುಫ್ ತಂಡದ್ದೇ. 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ನಾಲ್ಕು ವರ್ಷ ನೋಡಿದ ಲೆಕ್ಕ. ಮೈಯೊಳಗಿನ ಅಪಾಯದ ಅಂಕ ಅತಿ ಹೆಚ್ಚು ಇದ್ದದ್ದು ಶ್ರೀಮಂತ ದೇಶಗಳಲ್ಲಿ, ಅತಿ ಕಡಿಮೆ ಇದ್ದದ್ದು ಭಾರತದಂಥ ಬಡ ದೇಶಗಳಲ್ಲಿ. ಆದರೆ ದೊಡ್ಡ ಹೃದಯಾಘಾತ, ಲಕ್ವಾ ಮತ್ತು ಸಾವು ಹೆಚ್ಚು ಕಂಡದ್ದು ಬಡ ದೇಶಗಳಲ್ಲೇ. ಪಟ್ಟಿಯ ಪ್ರಕಾರ ಸಾಯಬಾರದವರು ಸಾಯುತ್ತಿದ್ದರು. ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಯಾದಗಿರಿಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಇಲ್ಲವೆಂದೇ ನನ್ನ ಎಣಿಕೆ.

ಹುಟ್ಟುವ ಮೊದಲೇ ಶುರುವಾಗುವ ಕಥೆ

2009ರ ಡಿಸೆಂಬರ್ 30ರಂದು ಗುಲ್ಬರ್ಗಾದಿಂದ (ಈಗಿನ ಕಲಬುರಗಿ) ಬೇರೆಯಾಗಿ ರಾಜ್ಯದ 30ನೇ ಜಿಲ್ಲೆಯಾದ ಯಾದಗಿರಿ, 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ಎಲ್ಲಕ್ಕಿಂತ ಕೆಳಗಿತ್ತು. ಅಕ್ಷರ ಬಲ್ಲವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಮತ್ತು ಐದನೇ ಸುತ್ತುಗಳೆರಡರಲ್ಲೂ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಈ ಅಂಕಿಗಳನ್ನು ನಾವು ಅಪೌಷ್ಟಿಕತೆಯ ಫೈಲಿನಲ್ಲಿ ಇಡುತ್ತೇವೆ. ಇವು ಹೃದ್ರೋಗದ ಫೈಲಿಗೂ ಸೇರಬೇಕು.

ಅದಕ್ಕೆ ಪುರಾವೆ ಸಿಕ್ಕಿದ್ದು ಮೈಸೂರಿನಲ್ಲಿ. ಅಲ್ಲಿಯವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ, ಕೆಲವು ಕಡೆ ತಾಯಿಯ ತೂಕವನ್ನೂ ದಾಖಲೆಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕ್ಯಾರೊಲಿನ್ ಫಾಲ್ ಮತ್ತು ಡೇವಿಡ್ ಬಾರ್ಕರ್ ಅವರ ತಂಡ ಆ ಪುಸ್ತಕಗಳನ್ನು ಹಿಡಿದು, ಊರಿನಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿತು. 1996ರಲ್ಲಿ ಬಂದ ಫಲಿತಾಂಶ: ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕೆ.ಜಿ. ದಾಟಿದ್ದವರಲ್ಲಿ ಶೇ 3. ಮಗುವೂ ಹಗುರ, ತಾಯಿಯೂ 45 ಕೆ.ಜಿ.ಗಿಂತ ಕಡಿಮೆ ಎಂಬಲ್ಲಿ ಅದು ಶೇ 20ಕ್ಕೆ ಏರಿತ್ತು.

ಕೊರತೆಯಲ್ಲಿ ಬೆಳೆಯುವ ಭ್ರೂಣ ಸಿಕ್ಕಿದ್ದನ್ನೆಲ್ಲ ಮೆದುಳಿಗೆ ಮೊದಲು ಕಳಿಸುತ್ತದೆ. ಮೂತ್ರಪಿಂಡದ ಸೋಸುವ ಘಟಕಗಳು ಕಡಿಮೆಯಾಗುತ್ತವೆ, ಮಾಂಸಖಂಡ ಕಡಿಮೆಯಾಗುತ್ತದೆ, ರಕ್ತನಾಳದ ಗೋಡೆ ಬಿಗಿಯಾಗುತ್ತದೆ. ಬರದ ಕಾಲಕ್ಕೆಂದು ಹೀಗೆ ಹೊಂದಿಕೊಂಡ ದೇಹ ಮೂವತ್ತು ವರ್ಷದ ನಂತರ ಮೂರು ಹೊತ್ತು ಬಿಳಿ ಅನ್ನ, ದಿನಕ್ಕೆ ಆರು ಬಾರಿ ಸಕ್ಕರೆ ಚಹಾ ಕಂಡಾಗ ಅದನ್ನು ಸಂಭಾಳಿಸಲಾರದು. ಕೈಕಾಲು ಕಡ್ಡಿಯಂತಿದ್ದರೂ ಕೊಬ್ಬು ಹೊಟ್ಟೆಯೊಳಗೆ ಸೇರುತ್ತದೆ. ಬಿಪಿ, ಸಕ್ಕರೆ ಬೇಗ ಬರುತ್ತವೆ. ಹಾಗಾಗಿ ಸಣಕಲು ಮೈ ನಮ್ಮ ಕಡೆ ರಕ್ಷೆಯಲ್ಲ. ಬಸುರಿ ಹೆಂಗಸು ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಮನೆಯಲ್ಲಿ ಹೃದ್ರೋಗದ ಬೀಜ ಆಗಲೇ ಬಿದ್ದಿರುತ್ತದೆ.

2021ರ ಡಿಸೆಂಬರ್‌ನಲ್ಲಿ ಯಾದಗಿರಿ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ರಾಜ್ಯದಲ್ಲಿ ದೊಡ್ಡ ಚರ್ಚೆ ನಡೆಯಿತು. ಧರ್ಮದ ಮಾತು ಬಂತು, ಸಂಪ್ರದಾಯದ ಮಾತು ಬಂತು. ಹೃದಯದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಹೊಗೆ, ನೀರು, ಪುಡಿ

ಪ್ಯೂರ್ ತಂಡ 2019ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. 21 ದೇಶಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಸುಮಾರು ಶೇ 70ರಷ್ಟು ಬದಲಿಸಬಹುದಾದ ಕಾರಣಗಳಿಂದ ಬರುತ್ತವೆ. ಅವುಗಳಲ್ಲಿ ದೊಡ್ಡದು ರಕ್ತದೊತ್ತಡ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಎರಡು ಅಂಶಗಳು ಶ್ರೀಮಂತ ದೇಶಗಳಿಗಿಂತ ಹೆಚ್ಚು ಬಿರುಸಾಗಿ ಕೆಲಸ ಮಾಡುತ್ತವೆ. ಒಂದು, ಕಡಿಮೆ ಓದು. ಎರಡು, ಅಡುಗೆಮನೆಯ ಹೊಗೆ.

ಹೊಗೆಯ ಮಾತು ತೊಗರಿ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹಿತ್ತಲಿಗೆ ಬಂದು ಒಟ್ಟಿಲಾಗುತ್ತದೆ. ವರ್ಷದ ಒಲೆ ಅದರಲ್ಲೇ ನಡೆಯುತ್ತದೆ. 2016ರ ಉಜ್ವಲ ಯೋಜನೆಯ ಸಿಲಿಂಡರ್ ಬಹಳ ಮನೆಗಳಲ್ಲಿ ಇದೆ, ಚಹಾಕ್ಕೂ ಬೀಗರು ಬಂದಾಗಿನ ಅಡುಗೆಗೂ ಅದು. ರೊಟ್ಟಿ ಬಡಿಯುವುದು ಕಟ್ಟಿಗೆ ಒಲೆಯ ಮೇಲೆ. ದುಡ್ಡು ಕೊಟ್ಟು ತುಂಬಿಸುವ ಸಿಲಿಂಡರಿಗೂ ಪುಕ್ಕಟೆ ಬರುವ ಕಟ್ಟಿಗೆಗೂ ನಡುವೆ ಬಡವರು ಏನನ್ನು ಆರಿಸುತ್ತಾರೆ ಎಂದು ಕೇಳುವ ಅಗತ್ಯವೇ ಇಲ್ಲ. ಹೊಗೆಯ ಅತಿ ಸಣ್ಣ ಕಣಗಳು ಪುಪ್ಪುಸ ದಾಟಿ ರಕ್ತಕ್ಕೆ ಇಳಿಯುತ್ತವೆ, ನಾಳದ ಒಳಪದರವನ್ನು ಕೆರಳಿಸುತ್ತವೆ, ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತವೆ. ಬೀಡಿ ಮುಟ್ಟದ ಹೆಂಗಸಿಗೂ ಹೃದಯಾಘಾತ ಆಗುವುದು ಹೀಗೆ. ಅವಳಿಗೆ ಎದೆನೋವೂ ಸಿನಿಮಾದಲ್ಲಿ ತೋರಿಸುವ ಹಾಗೆ ಬರಬೇಕೆಂದಿಲ್ಲ. ಬೆವರು, ದಮ್ಮು, ಬೆನ್ನಲ್ಲಿ ಸೆಳೆತ, ಸುಸ್ತು. ‘ಬಿಸಲಾಗ ದುಡದದ್ದಕ್ಕ ಹಂಗಾಗ್ಯದ’ ಎಂದು ಮಲಗಿಸುತ್ತಾರೆ.

ನೀರಿನ ವಿಷಯ ಕೆಲವೇ ಊರುಗಳದ್ದು, ಆದರೂ ಬಿಡುವಂಥದ್ದಲ್ಲ. ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಹಳ್ಳಿಯಿದೆ (ಕಡಲ ತೀರದ್ದಲ್ಲ). ಹಿಂದೆ ಚಿನ್ನದ ಗಣಿ ಇದ್ದ ನೆಲ. ಆ ಶಿಲಾಪಟ್ಟಿಯ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇದೆ. ಅಲ್ಲಿಯ ಕಿರದಳ್ಳಿ ತಾಂಡಾದಲ್ಲಿ ಅಂಗೈ, ಅಂಗಾಲಿನ ಚರ್ಮ ಗಂಟುಗಂಟಾದವರ ಸಂಖ್ಯೆ ಪರೀಕ್ಷಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚಿತ್ತೆಂದು 2013ರಲ್ಲಿ ಪ್ರಕಟವಾದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರ ಅಧ್ಯಯನ ಹೇಳುತ್ತದೆ. ಚರ್ಮ ಮತ್ತು ಕ್ಯಾನ್ಸರಿನ ಬಗ್ಗೆ ಆಗ ಪತ್ರಿಕೆಗಳು ಬರೆದವು. ಆರ್ಸೆನಿಕ್ ರಕ್ತನಾಳಕ್ಕೂ ವಿಷ. ತೈವಾನಿನಲ್ಲಿ ಕಾಲಿನ ನಾಳ ಮುಚ್ಚಿ ಪಾದ ಕಪ್ಪಾಗುವ ಕಾಯಿಲೆಗೆ ಅದೇ ಕಾರಣ. ಬಾಂಗ್ಲಾದೇಶದಲ್ಲಿ ಸುಮಾರು 12 ಸಾವಿರ ಜನರನ್ನು ಹಿಂಬಾಲಿಸಿದ 2011ರ ಅಧ್ಯಯನದಲ್ಲಿ ಆರ್ಸೆನಿಕ್ ನೀರು ಕುಡಿದವರ ಹೃದ್ರೋಗದ ಸಾವು ಹೆಚ್ಚಿತ್ತು, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ. ಆ ತಾಂಡಾಗಳ ಕೊಳವೆಬಾವಿ ನೀರನ್ನು ಪರೀಕ್ಷಿಸುವುದು ಹೃದಯದ ಕೆಲಸವೂ ಹೌದು.

ಪುಡಿಯದು ಎಲ್ಲರ ಕಣ್ಣೆದುರಿನ ಮಾತು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ಕೊನೆಯಲ್ಲಿ. ಅಂದಿನಿಂದ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಹರಿದು ಬಾಯಲ್ಲಿ ಕೂಡಿಸಿಕೊಂಡರೆ ಕಾನೂನು ಮುಗಿಯಿತು. ಯಾದಗಿರಿ ಸ್ಟೇಷನ್ನಿನ ಎದುರಿನ ಯಾವ ಡಬ್ಬಿ ಅಂಗಡಿಯಲ್ಲೂ ಚೀಟಿಗಳ ಮಾಲೆಯೇ ತೂಗುತ್ತದೆ. ಅಗಿಯುವ ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ಎಲ್ಲರಿಗೂ ಗೊತ್ತು, ಪೊಟ್ಟಣದ ಮೇಲೆ ಚಿತ್ರವೂ ಇದೆ. ಹೃದಯಕ್ಕೂ ಅದಕ್ಕೂ ಸಂಬಂಧವಿದೆ ಎಂದು ಯಾರೂ ಹೇಳುವುದಿಲ್ಲ. ಇಂಟರ್‌ಹಾರ್ಟ್ ಲೆಕ್ಕದಲ್ಲಿ ತಂಬಾಕು ಅಗಿಯುವವರಿಗೆ ಹೃದಯಾಘಾತದ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಸೇದುತ್ತ ಅಗಿಯುವವರಿಗೆ ನಾಲ್ಕು ಪಟ್ಟು. ಹಸಿವು ಗೊತ್ತಾಗದಿರಲಿ ಎಂದು ಹೊಲದಲ್ಲಿ, ಇಟ್ಟಿಗೆ ಹೊರುವಲ್ಲಿ ಬಾಯಿಗೆ ಹಾಕುವ ಪುಡಿ ಇದು. ಚಟವೆಂದು ಬೈದರೆ ಅರ್ಧ ಮಾತು ಮಾತ್ರ ಆದೀತು. ಹತ್ತು ರೂಪಾಯಿಗೆ ಹೊಟ್ಟೆ ತುಂಬುವ ಬೇರೆ ಏನು ಸಿಗುತ್ತದೆ ಎಂದೂ ಕೇಳಬೇಕು.

ಊಟದ ಮಾತಿಗೆ ಬಂದರೆ ರೊಟ್ಟಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ ಇವಿಷ್ಟೂ ಕೂಡಿದರೆ ಹೃದಯಕ್ಕೆ ಅದಕ್ಕಿಂತ ಒಳ್ಳೆಯ ತಾಟು ಯಾವ ಆಹಾರತಜ್ಞರೂ ಹೇಳಲಾರರು. ಬದಲಾದದ್ದು ತಾಟು. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಜೋಳದ ಹೊಲಗಳು ಭತ್ತದ ಗದ್ದೆಯಾದವು. 2013ರ ಅನ್ನಭಾಗ್ಯ ಹಸಿವು ನೀಗಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕಿಯ ಜೊತೆ ಬೇಳೆಯೂ ಅಷ್ಟೇ ಸಲೀಸಾಗಿ ಬರಲಿಲ್ಲ. ತೊಗರಿ ಬೆಳೆಯುವವರ ಮನೆಯಲ್ಲೇ ಸಾರು ನೀರಾಗಿದೆ. ಉಳಿದ ಜಾಗ ತುಂಬಿದ್ದು ಉಪ್ಪು, ಖಾರ, ಕರಿದ ಎಣ್ಣೆ. ಸಂತೆ, ಜಾತ್ರೆ, ಬಸ್‌ಸ್ಟ್ಯಾಂಡ್ ಎಲ್ಲಿ ನೋಡಿದರೂ ಬೆಳಗಿನ ಎಣ್ಣೆಯಲ್ಲೇ ಸಂಜೆಯ ಮಿರ್ಚಿ ಭಜಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎನ್ನುತ್ತದೆ. ನಾವು ತಿನ್ನುವುದು ಅದರ ಎರಡು ಪಟ್ಟಿನ ಹತ್ತಿರ. ಚೀನಾದ 600 ಹಳ್ಳಿಗಳಲ್ಲಿ ಅಡುಗೆ ಉಪ್ಪಿನ ಕಾಲುಭಾಗವನ್ನು ಪೊಟ್ಯಾಸಿಯಂ ಉಪ್ಪಿಗೆ ಬದಲಿಸಿ ಲಕ್ವಾವನ್ನು ಶೇ 14ರಷ್ಟು ಇಳಿಸಿದರೆಂದು 2021ರಲ್ಲಿ ವರದಿಯಾಯಿತು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದು ಆಗದು, ಆದರೂ ಪಡಿತರದ ಉಪ್ಪಿನ ಬಗ್ಗೆ ಯೋಚಿಸುವವರು ನೋಡಬೇಕಾದ ಉದಾಹರಣೆ.

ಮಕ್ಕಳ ಗಂಟಲುನೋವಿನಿಂದ ಬರುವ ಹೃದ್ರೋಗವನ್ನೂ ಇಲ್ಲಿ ಹೇಳಲೇಬೇಕು. ಇಕ್ಕಟ್ಟಾದ ಮನೆಗಳಲ್ಲಿ ಒಂದು ಬಗೆಯ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ಬಾತು, ಚಿಕಿತ್ಸೆ ಆಗದಿದ್ದರೆ ಕೆಲ ವಾರಗಳ ನಂತರ ಜ್ವರ, ಕೀಲುನೋವು ಬಂದು ಹೋಗುತ್ತದೆ. ಹೋದದ್ದು ಜ್ವರ, ಹೃದಯದ ಕವಾಟದ ಗಾಯ ಉಳಿಯುತ್ತದೆ. ರುಮ್ಯಾಟಿಕ್ ಹೃದ್ರೋಗ ಎಂಬ ಇದನ್ನು ಶ್ರೀಮಂತ ದೇಶಗಳು ಹೆಚ್ಚುಕಮ್ಮಿ ಮರೆತಿವೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಗೊತ್ತಾಗುವುದು ಮೊದಲ ಬಸಿರಿನಲ್ಲಿ ದಮ್ಮು ಹತ್ತಿದಾಗ. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಪ್ಪದೆ ಸಿಕ್ಕರೆ ಕವಾಟ ಇನ್ನಷ್ಟು ಕೆಡದಂತೆ ತಡೆಯಬಹುದು. ಅಗ್ಗದ ಇಂಜೆಕ್ಷನ್ ಅದು.

ಗುಳೆ ಹೋದವರ ಗುಳಿಗೆ

ರಕ್ತದೊತ್ತಡ ಎಲ್ಲಕ್ಕಿಂತ ದೊಡ್ಡ ಕಾರಣ ಎಂದಿದ್ದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5 ಮಂದಿಗೆ ಬಿಪಿ, ಶೇ 11.4 ಮಂದಿಗೆ ಸಕ್ಕರೆ ಕಾಯಿಲೆ. ಬಿಪಿಗೆ ಮಾತ್ರೆ ಇದೆ, ಅಗ್ಗವಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯೂ ಇದೆ. ಆದರೂ ಯಾಕೆ ಹತೋಟಿಗೆ ಬರುವುದಿಲ್ಲ?

ಒಂದು ಕಾರಣ, ಬಿಪಿ ನೋಯುವುದಿಲ್ಲ. ನೋವಿಲ್ಲದ ಕಾಯಿಲೆಗೆ ದಿನಾ ಗುಳಿಗೆ ನುಂಗು ಎಂದರೆ ದುಡಿಯುವವರಿಗೆ ಅದು ವಿಚಿತ್ರ ಮಾತು. ‘ತೋರಿಸಿದ್ದೆ, ಕಮ್ಮಿ ಆಗ್ಯದ ಅಂದ್ರು, ಬಿಟ್ಟೆ.’ ಕಡಿಮೆಯಾದದ್ದು ಗುಳಿಗೆಯಿಂದ ಎಂಬುದನ್ನು ಕುಳ್ಳಿರಿಸಿ ತಿಳಿಸಿ ಹೇಳುವಷ್ಟು ಹೊತ್ತು ನೂರಾರು ರೋಗಿಗಳನ್ನು ನೋಡುವ ವೈದ್ಯರಿಗಿಲ್ಲ. ಓದು ಕಡಿಮೆ ಎಂಬುದು ಹೃದಯಕ್ಕೆ ಅಪಾಯವಾಗುವುದು ಇಂಥಲ್ಲಿ. ಮಾತ್ರೆಯ ಪಟ್ಟಿಯ ಮೇಲಿನ ಹೆಸರು ಓದಲಾರದವನು ಬಣ್ಣ ನೋಡಿ ನುಂಗುತ್ತಾನೆ. ಮುಂದಿನ ತಿಂಗಳು ಬೇರೆ ಕಂಪನಿಯ ಬೇರೆ ಬಣ್ಣ ಬಂದರೆ ‘ಇದು ನನ್ನ ಗುಳಿಗಿ ಅಲ್ಲ’ ಎಂದು ನಿಲ್ಲಿಸುತ್ತಾನೆ.

ಇನ್ನೊಂದು ಕಾರಣ ಗುಳೆ. ರಾಶಿ ಮುಗಿಯುತ್ತಲೇ ಶಹಾಪುರ, ಸುರಪುರ, ಹುಣಸಗಿಯಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಬಸ್ಸು ತುಂಬುತ್ತವೆ. ಕಟ್ಟಡದ ಬದಿಯ ಶೆಡ್ಡಿನಲ್ಲಿ ಆರೆಂಟು ತಿಂಗಳ ಬದುಕು. ಊರಿನ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಒಂದು ತಿಂಗಳ ಗುಳಿಗೆ ಅಲ್ಲಿ ತೀರುತ್ತದೆ. ಮತ್ತೆ ತೋರಿಸಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು, ಯಾವ ಆಸ್ಪತ್ರೆ ಎಂಬುದೂ ಗೊತ್ತಿಲ್ಲ. ಯುಗಾದಿಗೋ ಜಾತ್ರೆಗೋ ಊರಿಗೆ ಬರುವ ಹೊತ್ತಿಗೆ ಆರು ತಿಂಗಳು ಬಿಪಿ ಅಂಕೆಯಿಲ್ಲದೆ ಏರಿರುತ್ತದೆ. ಈಗ ಸರ್ಕಾರ ‘ಗೃಹ ಆರೋಗ್ಯ’ ಎಂದು, 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುಮಾಡಿ, ಮೂವತ್ತು ದಾಟಿದವರ ಬಿಪಿ, ಸಕ್ಕರೆಯನ್ನು ಮನೆಬಾಗಿಲಿಗೆ ಹೋಗಿ ನೋಡುವ ಯೋಜನೆ ಮಾಡಿದೆ. ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಈ ಭಾಗದ ತಾಂಡಾಗಳಿಗೆ ಹೋದರೆ ಸಿಗುವುದು ಬೀಗ ಹಾಕಿದ ಬಾಗಿಲು, ಮುದುಕರು, ಮಕ್ಕಳು. ಗುಳೆ ಹೋಗುವವರಿಗೆ ಮೂರು ತಿಂಗಳ ಮಾತ್ರೆ ಒಮ್ಮೆಗೇ ಕೊಡುವುದು, ರಾಜ್ಯದ ಯಾವ ಊರಿನ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲಾದರೂ ಅದೇ ಚೀಟಿ ನಡೆಯುವಂತೆ ಮಾಡುವುದು ರಾಕೆಟ್ ವಿದ್ಯೆಯೇನಲ್ಲ.

ಒಮ್ಮೆ ಹೃದಯಾಘಾತವಾಗಿ ಬದುಕಿ ಬಂದವರ ಕಥೆಯೂ ಬೇರೆಯಲ್ಲ. ಆಸ್ಪಿರಿನ್, ಸ್ಟ್ಯಾಟಿನ್, ಬಿಪಿಯ ಒಂದೆರಡು ಗುಳಿಗೆ ಇಷ್ಟು ತಪ್ಪದೆ ತೆಗೆದುಕೊಂಡರೆ ಎರಡನೆಯ ಆಘಾತ ಬಹುಮಟ್ಟಿಗೆ ತಪ್ಪುತ್ತದೆ. 2011ರಲ್ಲಿ ಪ್ಯೂರ್ ತಂಡ ನೋಡಿದಾಗ, ಬಡ ದೇಶಗಳಲ್ಲಿ ಹಿಂದೆ ಹೃದ್ರೋಗ ಅಥವಾ ಲಕ್ವಾ ಆಗಿದ್ದವರಲ್ಲಿ ಶೇ 80 ಮಂದಿ ಈ ಯಾವ ಔಷಧಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಇವೆಲ್ಲವನ್ನೂ ಒಂದೇ ಗುಳಿಗೆಯಲ್ಲಿ ಕೂಡಿಸುವ ಪ್ರಯೋಗವನ್ನು 2009ರಲ್ಲಿ ಜಗತ್ತಿನ ಮುಂದಿಟ್ಟವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರು ಮುಂಚೂಣಿಯಲ್ಲಿದ್ದರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಥ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮದೇ ನಾಡಿನಲ್ಲಿ ರುಜುವಾತಾದದ್ದು ನಮ್ಮ ಹಳ್ಳಿಯ ಔಷಧಿ ಕಪಾಟಿಗೆ ಬರಬೇಕಾದರೆ ಇನ್ನೆಷ್ಟು ಕಾಲ ಬೇಕೋ.

ಆರು ಗಂಟೆ

ಹೃದಯದ ನಾಳದಲ್ಲಿ ಹೆಪ್ಪು ಕೂತಾಗ ಏನಾಗುತ್ತದೆ ಎಂಬುದನ್ನು ಕಾಲುವೆ ನೀರು ಕಂಡವರಿಗೆ ಸುಲಭವಾಗಿ ಹೇಳಬಹುದು. ಮೇಲೆ ತೂಬು ಕಟ್ಟಿಕೊಂಡರೆ ಕೊನೆ ಭಾಗದ ಪೈರು ಒಣಗುತ್ತದೆ. ಮೊದಲ ದಿನವೇ ನೀರು ಬಿಟ್ಟರೆ ಚೇತರಿಸಿಕೊಳ್ಳುತ್ತದೆ, ವಾರ ಬಿಟ್ಟು ಬಿಟ್ಟರೆ ನೀರು ಬಂದೂ ಪ್ರಯೋಜನವಿಲ್ಲ. ಹೃದಯದ ಸ್ನಾಯುವಿಗೆ ವಾರವಲ್ಲ, ಗಂಟೆಗಳ ಲೆಕ್ಕ. ಮೊದಲ ಒಂದೆರಡು ಗಂಟೆಯಲ್ಲಿ ಹೆಪ್ಪು ಕರಗಿಸಿದರೆ ಉಳಿಯುವ ಸ್ನಾಯು, ಹನ್ನೆರಡು ಗಂಟೆ ಕಳೆದರೆ ಬಹುಪಾಲು ಸತ್ತಿರುತ್ತದೆ.

ನಾವು ಎಷ್ಟು ಹೊತ್ತಿಗೆ ತಲುಪುತ್ತೇವೆ? ಸೇಂಟ್ ಜಾನ್ಸ್‌ನ ಡೆನಿಸ್ ಕ್ಸೇವಿಯರ್ ಮತ್ತು ಪ್ರೇಮ್ ಪೈಸ್ ಮುನ್ನಡೆಸಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ಅಧ್ಯಯನ ದೇಶದ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳನ್ನು ನೋಡಿತು. ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಸಮಯ, ನಡುಲೆಕ್ಕದಲ್ಲಿ, 360 ನಿಮಿಷ. ಮೂವತ್ತು ದಿನಗಳಲ್ಲಿ ಸತ್ತ ಬಡವರು ಶೇ 8.2, ಶ್ರೀಮಂತರು ಶೇ 5.5. ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ಮಾಯವಾಯಿತು. ಎಂದರೆ ಬಡವರ ಹೃದಯ ಬೇರೆಯಲ್ಲ, ಅದಕ್ಕೆ ಸಿಕ್ಕ ಚಿಕಿತ್ಸೆ ಬೇರೆ.

ಆ ಆರು ಗಂಟೆ ಎಲ್ಲಿ ಹೋಗುತ್ತವೆ ಎಂಬುದು ನಮ್ಮ ಕಡೆಯವರಿಗೆ ಗೊತ್ತು. ‘ಗ್ಯಾಸ್ ಆಗ್ಯದ, ಸೋಡಾ ಕುಡಿ, ಕಮ್ಮಿ ಆಗ್ತದ’ ಎಂಬಲ್ಲಿ ಒಂದು ತಾಸು. ಊರಿನ ಸೂಜಿ ಡಾಕ್ಟರ ಹತ್ತಿರ ಸಲೈನ್ ಹಚ್ಚಿಸಿಕೊಂಡು ಮಲಗಿದ್ದು ಎರಡು ತಾಸು. ಗಾಡಿ ಹುಡುಕಲು, ದುಡ್ಡು ಹೊಂದಿಸಲು ಒಂದು. ಆಮೇಲೆ ರಸ್ತೆ. ಯಾದಗಿರಿಗಾದರೂ ಮುಂಬೈ–ಚೆನ್ನೈ ರೈಲು ಮಾರ್ಗವಿದೆ. ಶಹಾಪುರ, ಸುರಪುರ ಪಟ್ಟಣಗಳಿಗೆ ರೈಲೇ ಇಲ್ಲ. ಸುರಪುರದಿಂದ ಕಲಬುರಗಿಗೆ ಸುಮಾರು ನೂರು ಕಿಲೋಮೀಟರ್, ಹುಣಸಗಿ ಕಡೆಯ ಹಳ್ಳಿಗಳಿಗೆ ಇನ್ನೂ ದೂರ. ಭಿತ್ತಿಪತ್ರದಲ್ಲಿ ಸೇರಿಸಬೇಕಾದ ಅಪಾಯಗಳಲ್ಲಿ ಈ ದೂರವೇ ಮೊದಲನೆಯದು.

ದೂರ ಕಡಿಮೆಯಾಗುತ್ತಿಲ್ಲ ಎಂದರೆ ಸುಳ್ಳಾದೀತು. 2022ರಲ್ಲಿ ಯಾದಗಿರಿಗೆ ವೈದ್ಯಕೀಯ ಕಾಲೇಜು ಬಂತು. ಕಲಬುರಗಿಯ ಜಯದೇವಕ್ಕೆ 2024ರ ಡಿಸೆಂಬರ್‌ನಲ್ಲಿ ಸ್ವಂತ ಕಟ್ಟಡವಾಯಿತು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ 371 ಹಾಸಿಗೆ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಸಣ್ಣ ಏರ್ಪಾಡು. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆಯಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಹಾಸನದ ಗದ್ದಲದ ನಂತರ, 2025ರಲ್ಲಿ, ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಇದನ್ನು ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಕಲಬುರಗಿಯ ಆ ನೂರು ಕಿಲೋಮೀಟರನ್ನು ಸುರಪುರದ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸುವ ಶಕ್ತಿ ಈ ಒಂದು ಇಂಜೆಕ್ಷನ್ನಿಗಿದೆ. ಆದರೆ ಅದು ಕೆಲಸ ಮಾಡಲು ರಾತ್ರಿ ಎರಡು ಗಂಟೆಗೂ ಇಸಿಜಿ ತೆಗೆಯುವವರು ಇರಬೇಕು, ಡಬ್ಬಿಯಲ್ಲಿ ಔಷಧಿ ಇರಬೇಕು, ಅದು ಅಲ್ಲಿದೆ ಎಂದು ಹಳ್ಳಿಗೆ ಗೊತ್ತಿರಬೇಕು. ಮೂರನೆಯದು ಸದ್ಯಕ್ಕೆ ಎಲ್ಲಕ್ಕಿಂತ ಕಡಿಮೆ ಇದೆ.

ಅದಕ್ಕೇ ಓದುಗರಿಗೆ ಒಂದು ಮಾತು. ಎದೆಯ ನಡುವೆ ಹಿಂಡಿದಂತೆ, ಕಲ್ಲು ಹೇರಿದಂತೆ ಆಗಿ, ಬೆವರೋ ದಮ್ಮೋ ಜೊತೆಗಿದ್ದು, ನೋವು ಎಡಗೈ, ದವಡೆ ಅಥವಾ ಬೆನ್ನಿಗೆ ಹರಿಯುತ್ತಿದ್ದರೆ ಸೋಡಾ ಬೇಡ, ಸಲೈನ್ ಬೇಡ, ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗುವುದೂ ಬೇಡ. 108ಕ್ಕೆ ಕರೆ ಮಾಡಿ. ಗಾಡಿ ತಡವಾದರೆ ಸಿಕ್ಕ ವಾಹನದಲ್ಲಿ ಒರಗಿಸಿ ಕೂರಿಸಿಕೊಂಡು ನೇರ ತಾಲ್ಲೂಕು ಆಸ್ಪತ್ರೆಗೆ ಹೋಗಿ, ‘ಮೊದಲು ಇಸಿಜಿ ತೆಗೀರಿ’ ಎಂದು ಬಾಯಿಬಿಟ್ಟು ಕೇಳಿ. ಕೇಳುವುದು ನಿಮ್ಮ ಹಕ್ಕು, ಇಂಜೆಕ್ಷನ್ನಿಗೆ ದುಡ್ಡಿಲ್ಲ.